ನಿಮಗಿದು ಗೊತ್ತೇ? ಪರದೇಶಿ ಹೂ, ದೇಸಿ ದುಂಬಿ

ಸೋಪು, ಶಾಂಪೂ, ಮೊಡವೆ ಕ್ರೀಮುಗಳ ಮೇಲೆ ‘ಟೀ ಟ್ರೀ’ ಎಂಬ ಹೆಸರು ಓದದವರು ಕಡಿಮೆ. ಆ ಗಿಡವನ್ನು ಕಣ್ಣಾರೆ ಕಂಡವರು ಇನ್ನೂ ಕಡಿಮೆ. ಅದರ ಹತ್ತಿರದ ದಾಯಾದಿಯನ್ನು ಮಾತ್ರ ಹೈದರಾಬಾದಿನವರು ದಿನಾ ನೋಡುತ್ತಾರೆ. ಪಾರ್ಕಿನ ಅಂಚಿನಲ್ಲಿ, ಕಾಲೇಜಿನ ಆವರಣದಲ್ಲಿ, ಅಪಾರ್ಟ್‌ಮೆಂಟಿನ ಗೇಟಿನ ಪಕ್ಕದಲ್ಲಿ ಕೆಂಪು ಕುಂಚಗಳನ್ನು ಜೋತುಬಿಟ್ಟು ನಿಲ್ಲುವ ಬಾಟಲ್ ಬ್ರಷ್ ಅದು. ಆಸ್ಟ್ರೇಲಿಯಾದಿಂದ ಬಂದ ಈ ಗಿಡದ ಜೊತೆ ಅದರ ತವರಿನ ಹಕ್ಕಿ, ಹುಳ ಯಾವುದೂ ಬರಲಿಲ್ಲ. ಹಾಗಾದರೆ ಇಲ್ಲಿ ಅದರ ಹೂವಿಗೆ ಬರುವವರು ಯಾರು? ಬಂದವರಲ್ಲಿ ದುಡಿಯುವವರು ಯಾರು, ಉಂಡು ಹೋಗುವವರು ಯಾರು?

ವಂಶ ದೊಡ್ಡದು

1. ಟೀ ಟ್ರೀಗೂ ನಾವು ಕುಡಿಯುವ ಚಹಾಕ್ಕೂ ನೆಂಟಸ್ತಿಕೆ ಇಲ್ಲ. ಚಹಾ ಕಮೀಲಿಯಾ ಕುಲದ್ದು. ಟೀ ಟ್ರೀ ಎಣ್ಣೆ ಕೊಡುವ ಮೆಲಾಲ್ಯೂಕಾ ಆಲ್ಟರ್ನಿಫೋಲಿಯಾ ನೇರಳೆ, ಪೇರಲ, ನೀಲಗಿರಿಗಳ ವಂಶದ್ದು. ಈ ಎಣ್ಣೆ ಚರ್ಮಕ್ಕೆ ಸರಿ, ಹೊಟ್ಟೆಗೆ ಹೋದರೆ ವಿಷ.

2. ಹೆಸರಿಗೆ ಕಾರಣ ನಾವಿಕರು. ಕ್ಯಾಪ್ಟನ್ ಜೇಮ್ಸ್ ಕುಕ್‌ನ ಹಡಗಿನವರು ನ್ಯೂಜಿಲೆಂಡಿನಲ್ಲಿ ಮನುಕಾ ಎಂಬ ಪೊದೆಯ ಎಲೆಯನ್ನು ಚಹಾಸೊಪ್ಪಿನ ಬದಲು ಕುದಿಸಿ ಕುಡಿದರು. 1773ರಲ್ಲಿ ಅದನ್ನೇ ರಿಮು ಮರದ ಚಿಗುರಿನ ಜೊತೆ ಬೇಯಿಸಿ ಬಿಯರ್ ಕೂಡ ಮಾಡಿಕೊಂಡರು. ಉದ್ದೇಶ ಮೋಜಲ್ಲ, ಒಸಡು ಕೊಳೆಯುವ ಸ್ಕರ್ವಿ ರೋಗವನ್ನು ದೂರವಿಡುವುದು.

3. ಟೀ ಟ್ರೀ ಎಲೆಯ ಗುಣ ಆಸ್ಟ್ರೇಲಿಯಾದ ಬುಂಡ್ಜಲುಂಗ್ ಮೂಲನಿವಾಸಿಗಳಿಗೆ ಮೊದಲೇ ತಿಳಿದಿತ್ತು. ಗಾಯಕ್ಕೆ ಎಲೆ ಅರೆದು ಹಚ್ಚುತ್ತಿದ್ದರು. ಸಿಡ್ನಿಯ ರಸಾಯನತಜ್ಞ ಆರ್ಥರ್ ಪೆನ್‌ಫೋಲ್ಡ್ ಆ ಎಣ್ಣೆಯ ಕ್ರಿಮಿನಾಶಕ ಶಕ್ತಿಯನ್ನು ಪರೀಕ್ಷಿಸಿ ತೋರಿಸಿದ್ದು 1920ರ ದಶಕದಲ್ಲಿ.

4. ಬಾಟಲ್ ಬ್ರಷ್‌ಗೆ ಬಹುಕಾಲ ‘ಕ್ಯಾಲಿಸ್ಟೆಮನ್’ ಎಂಬ ಪ್ರತ್ಯೇಕ ಕುಲವಿತ್ತು. 2006ರಲ್ಲಿ ಆಸ್ಟ್ರೇಲಿಯಾದ ಸಸ್ಯಶಾಸ್ತ್ರಜ್ಞ ಲಿನ್ ಕ್ರೇವನ್ ಅದರ ಜಾತಿಗಳನ್ನು ಟೀ ಟ್ರೀಗಳ ಮೆಲಾಲ್ಯೂಕಾ ಕುಲಕ್ಕೇ ಸೇರಿಸಿದರು. ಎಲ್ಲರೂ ಒಪ್ಪಿಲ್ಲ, ಜಗಳ ಇನ್ನೂ ಮುಗಿದಿಲ್ಲ. ನರ್ಸರಿಯವರು ಮಾತ್ರ ಎರಡೂ ಹೆಸರಿನ ಗೊಡವೆಗೆ ಹೋಗದೆ ‘ಬಾಟಲ್ ಬ್ರಷ್’ ಎಂದೇ ಮಾರುತ್ತಾರೆ.

5. ಹೈದರಾಬಾದಿ ಬಿರಿಯಾನಿಗೆ ಬೀಳುವ ಲವಂಗವೂ ಇದೇ ವಂಶ. ಲವಂಗ ಬೀಜವಲ್ಲ, ಕಾಯಿಯಲ್ಲ; ಅರಳುವ ಮುನ್ನವೇ ಕೊಯ್ದು ಒಣಗಿಸಿದ ಮೊಗ್ಗು. ಹಾಗಾಗಿ ನಿಮ್ಮ ತಟ್ಟೆಗೆ ಬಂದ ಲವಂಗವನ್ನು ಯಾವ ದುಂಬಿಯೂ ಮುಟ್ಟಿರಲಾರದು.

6. ತಲೆನೋವಿಗೆ ಹಚ್ಚುವ ಟೈಗರ್ ಬಾಮ್‌ನಲ್ಲಿರುವ ಕಾಜುಪುಟ್ ಎಣ್ಣೆ ಇನ್ನೊಂದು ಮೆಲಾಲ್ಯೂಕಾದ್ದು.

7. ಬಾಟಲ್ ಬ್ರಷ್ ಮನೆ ಬಿಟ್ಟು ಹೊರಟದ್ದು ಬೇಗ. ಕುಕ್ ಜೊತೆ ಹಡಗೇರಿದ್ದ ಜೋಸೆಫ್ ಬ್ಯಾಂಕ್ಸ್ ಮೂಲಕ 1789ರಲ್ಲೇ ಅದು ಲಂಡನ್ನಿನ ಕ್ಯೂ ತೋಟ ಸೇರಿತು. ಅಲ್ಲಿಂದ ಮುಂದೆ ಬಿಸಿಲೂರುಗಳ ತೋಟಗಳಲ್ಲೆಲ್ಲ ಅದಕ್ಕೆ ಜಾಗ ಸಿಕ್ಕಿತು.

ಹೂವನ್ನು ಹತ್ತಿರದಿಂದ ನೋಡಿ

8. ಒಂದು ಕುಂಚ ಎಂದರೆ ಒಂದು ಹೂವಲ್ಲ. ಟೊಂಗೆಯ ಸುತ್ತ ಒತ್ತೊತ್ತಾಗಿ ಕೂತ ಹತ್ತಾರು ಹೂಗಳ ಗುಂಪು ಅದು. ಒಂದನ್ನು ಬಿಡಿಸಿ ಅಂಗೈ ಮೇಲೆ ಇಟ್ಟುಕೊಳ್ಳಿ. ಬುಡದಲ್ಲಿ ಹಸಿರು ಬಟ್ಟಲು, ಅದರ ಅಂಚಿನಲ್ಲಿ ಬೇಗ ಉದುರಿಹೋಗುವ ಪುಟ್ಟ ದಳಗಳು. ಕಣ್ಣಿಗೆ ಹೊಡೆಯುವ ಕೆಂಪು ದಳದ್ದಲ್ಲ, ಕೇಸರಗಳದ್ದು. ಪ್ರತಿ ಕೇಸರದ ತುದಿಯಲ್ಲಿ ಚುಕ್ಕಿಯಷ್ಟು ಪರಾಗದ ಚೀಲ. ಕೇಸರಗಳ ನಡುವೆ ಒಂಟಿಯಾಗಿ ನಿಂತ ಇನ್ನೊಂದು ಎಳೆಯೇ ಶಲಾಕೆ. ಪರಾಗ ಬಂದು ಅಂಟಬೇಕಾದದ್ದು ಅದರ ತುದಿಗೆ.

9. ಬಟ್ಟಲಲ್ಲಿ ಮಕರಂದ, ಎರಡು ಸೆಂಟಿಮೀಟರ್ ಮೇಲೆ ಪರಾಗ. ಗಿಡದ ಯೋಜನೆ ಸರಳ: ದೊಡ್ಡ ಮೈಯವರು ಬಂದು ಮೂತಿಯನ್ನು ಒಳಗಿಳಿಸಲಿ, ಇಳಿಸುವಾಗ ತಲೆಗೆ ಎದೆಗೆ ಪರಾಗ ಮೆತ್ತಿಕೊಳ್ಳಲಿ. ಸಣ್ಣ ಹುಳಕ್ಕೆ ಈ ಯೋಜನೆಯ ಹಂಗಿಲ್ಲ. ಅದು ಕೇಸರಗಳ ಸಂದಿನಲ್ಲಿ ನುಸುಳಿ ಬಟ್ಟಲಿಗೆ ಬಾಯಿಟ್ಟು, ಎಷ್ಟೋ ಸಲ ಶಲಾಕೆಯ ತುದಿಯನ್ನು ತಾಗದೆಯೇ ಹಾರಿಹೋಗುತ್ತದೆ. ಹೂವಿಗೆ ಬರುವುದೇ ಬೇರೆ, ಪರಾಗಸ್ಪರ್ಶ ಮಾಡುವುದೇ ಬೇರೆ.

10. ಹೂ ಬಿಟ್ಟ ಟೊಂಗೆ ಅಲ್ಲಿಗೇ ನಿಲ್ಲುವುದಿಲ್ಲ. ಕುಂಚದ ತುದಿಯಿಂದಲೇ ಹೊಸ ಚಿಗುರು ಹೊರಟು, ಎಲೆ ಬಿಟ್ಟು, ಮುಂದಿನ ಸುತ್ತಿನಲ್ಲಿ ಮತ್ತೆ ಹೂ ತಳೆಯುತ್ತದೆ. ಹಳೆಯ ಟೊಂಗೆಯಲ್ಲಿ ಕಾಯಿಗೊಂಚಲು, ಬರೀ ಎಲೆ, ಮತ್ತೆ ಕಾಯಿಗೊಂಚಲು ಎಂಬ ಸರದಿ ಕಾಣುವುದು ಇದರಿಂದಲೇ.

11. ಮೆಣಸಿನಕಾಳಿಗಿಂತ ಕೊಂಚ ದೊಡ್ಡದಾದ ಆ ಕಾಯಿಗಳು ಕಟ್ಟಿಗೆಯಷ್ಟು ಗಟ್ಟಿ. ಬೀಜಗಳನ್ನು ವರ್ಷಗಟ್ಟಲೆ ಒಳಗೇ ಇಟ್ಟುಕೊಂಡಿರುತ್ತವೆ. ಟೊಂಗೆ ಸತ್ತರೆ ಅಥವಾ ಬೆಂಕಿ ತಗುಲಿದರೆ ಬಾಯಿ ಬಿಡುತ್ತವೆ. ಕಾಳ್ಗಿಚ್ಚಿನ ನಾಡಿನ ಗಿಡ ಕಲಿತ ಜಾಣ್ಮೆ ಇದು. ಟ್ಯಾಂಕ್‌ ಬಂಡಿನ ಹೈದರಾಬಾದಿಗೆ ಬಂದ ಮೇಲೂ ಅಭ್ಯಾಸ ಬಿಟ್ಟಿಲ್ಲ.

12. 1977ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಟಾಫರ್ ಕೆಮಿಕಲ್ ಕಂಪನಿಯ ವಿಜ್ಞಾನಿಯೊಬ್ಬರು ಬಾಟಲ್ ಬ್ರಷ್ ಬುಡದಲ್ಲಿ ಕಳೆ ಹುಟ್ಟದಿರುವುದನ್ನು ಗಮನಿಸಿದರು. ಕಾರಣ ಗಿಡದಲ್ಲಿರುವ ಲೆಪ್ಟೊಸ್ಪರ್ಮೋನ್ ಎಂಬ ವಸ್ತು. ಅದರ ಜಾಡು ಹಿಡಿದು ಹೊರಟ ಸಂಶೋಧನೆಯಿಂದ ಮೆಕ್ಕೆಜೋಳದ ಕಳೆನಾಶಕ ಮೆಸೊಟ್ರಯೋನ್ ಹುಟ್ಟಿತು. 2001ರ ಹೊತ್ತಿಗೆ ಮಾರುಕಟ್ಟೆಗೆ ಬಂದ ಅದರ ಹೆಸರು ‘ಕ್ಯಾಲಿಸ್ಟೊ’. ಕ್ಯಾಲಿಸ್ಟೆಮನ್ನಿನ ಋಣ ಡಬ್ಬಿಯ ಮೇಲೇ ಇದೆ.

ಬರುವವರ ಪಟ್ಟಿ

13. ಹೈದರಾಬಾದಿನ ಹೂಗಳಿಗೆ ಬರುವ, ತುಪ್ಪ ಕೂಡಿಡುವ ದೇಸಿ ಜೇನುಗಳು ನಾಲ್ಕು ಬಗೆ. ಎತ್ತರದ ಕಟ್ಟಡದ ಸಜ್ಜೆಗೆ ಒಂದೇ ದೊಡ್ಡ ಎರಿ ಜೋತುಬಿಡುವ ಹೆಜ್ಜೇನು. ಪೊದೆಯ ಕಡ್ಡಿಗೆ ಅಂಗೈಯಗಲದ ಎರಿ ಕಟ್ಟುವ ಕೋಲುಜೇನು. ಪೊಟರೆಯೊಳಗೆ ಸಾಲಾಗಿ ಎರಿ ಕಟ್ಟುವ ತುಡುವೆ. ಗೋಡೆಯ ಬಿರುಕಿನಲ್ಲಿ ಮೇಣದ ಕೊಳವೆಯ ಬಾಗಿಲಿಟ್ಟು ಬದುಕುವ, ಕೊಂಡಿ ಇದ್ದೂ ಚುಚ್ಚಲಾರದ ಮುಜಂಟಿ. ಕೆಲವರಿಗೆ ಇದು ನಸರಿ, ಕೆಲವರಿಗೆ ಮಿಸ್ರಿ.

14. ಜೇನಿಗೆ ಕೆಂಪು ಕಾಣುವುದಿಲ್ಲ. ಸಕ್ಕರೆನೀರು, ಬಣ್ಣದ ಕಾಗದ ಇಟ್ಟುಕೊಂಡು ಕಾರ್ಲ್ ಫಾನ್ ಫ್ರಿಶ್ 1914ರಲ್ಲೇ ಇದನ್ನು ತೋರಿಸಿದರು. ನೀಲಿ, ಹಳದಿಗಳನ್ನು ಗುರುತಿಸುವ ಜೇನು ಕೆಂಪನ್ನು ಕಪ್ಪಿನಿಂದ ಬೇರ್ಪಡಿಸಲಾರದು. ಬದಲಿಗೆ ನಮಗೆ ಕಾಣದ ಅತಿನೇರಳೆ ಅದಕ್ಕೆ ಕಾಣುತ್ತದೆ. 1973ರ ನೊಬೆಲ್ ಪ್ರಶಸ್ತಿಯಲ್ಲಿ ಫ್ರಿಶ್ ಪಾಲುದಾರರಾದರು.

15. ಹಾಗಿದ್ದರೆ ಕೆಂಪು ಕುಂಚದ ತುಂಬ ಜೇನೇಕೆ? ವಾಸನೆ ಒಂದು ದಾರಿ, ಎಲೆಯ ಹಿನ್ನೆಲೆಯಲ್ಲಿ ಗಾಢವಾಗಿ ಕಾಣುವ ಆಕಾರ ಇನ್ನೊಂದು ದಾರಿ, ಮೊದಲು ಬಂದುಹೋದ ಜೇನು ಗೂಡಿನಲ್ಲಿ ಕುಣಿದು ಹೇಳುವ ವಿಳಾಸ ಮೂರನೆಯದು. ಕೆಂಪು ಬಣ್ಣದ ಕರೆ ಇರುವುದು ಹಕ್ಕಿಗಳಿಗೆ. ಜೇನು ಕರೆಯದೇ ಬಂದು ಪಂಕ್ತಿಯಲ್ಲಿ ಕೂತ ನೆಂಟ.

16. ಆಸ್ಟ್ರೇಲಿಯಾದಲ್ಲಿ ಈ ಹೂವಿನ ಖಾಯಂ ಗಿರಾಕಿಗಳು ಜೇನುಗುಟುಕ ಹಕ್ಕಿಗಳು ಮತ್ತು ಲೊರಿಕೀಟ್ ಗಿಳಿಗಳು. ಲೊರಿಕೀಟ್‌ನ ನಾಲಿಗೆಯ ತುದಿಯಲ್ಲೇ ಕುಂಚವಿದೆ. ಮಕರಂದ, ಪರಾಗ ಎರಡನ್ನೂ ಅದರಿಂದ ಒರೆಸಿಕೊಳ್ಳುತ್ತದೆ. ಹೈದರಾಬಾದಿನಲ್ಲಿ ಆ ಕೆಲಸ ಸೂರಕ್ಕಿಯ ಪಾಲಿಗೆ ಬಂದಿದೆ. ಅದು ಟೊಂಗೆಗೆ ಜೋತುಬಿದ್ದು ಕೊಕ್ಕು ಇಳಿಸಿದಾಗ ಹಣೆ ನೇರವಾಗಿ ಕೇಸರದ ತುದಿಗಳಿಗೆ ತಾಗುತ್ತದೆ. ಗಿಡ ಬಯಸಿದ್ದು ಇದನ್ನೇ.

17. ಕೀಟಗಳಲ್ಲಿ ಈ ಕೆಲಸಕ್ಕೆ ಮೈಕಟ್ಟು ಇರುವುದು ಬಡಗಿ ದುಂಬಿಗೆ. ಹೆಬ್ಬೆರಳ ತುದಿಯಷ್ಟು ದಪ್ಪ, ಕರಿ ಮೈ, ನೀಲಿ ಹೊಳೆವ ರೆಕ್ಕೆ. ಇದು ಗುಂಪು ಕಟ್ಟುವುದಿಲ್ಲ. ಒಣ ಬಿದಿರು, ಹಳೇ ತೊಲೆಗಳಲ್ಲಿ ತೂತು ಕೊರೆದು, ಪ್ರತಿ ಮೊಟ್ಟೆಗೂ ಪರಾಗದ ಉಂಡೆಯ ಬುತ್ತಿ ಕಟ್ಟಿ, ಕೋಣೆ ಮುಚ್ಚುತ್ತದೆ. ಮುಖದ ಮುಂದೆ ಹಾರಿ ಹೆದರಿಸುವುದು ಹೆಚ್ಚಾಗಿ ಗಂಡು. ಅದಕ್ಕೆ ಕೊಂಡಿಯೇ ಇಲ್ಲ.

18. ಹೆಜ್ಜೇನು ಬೆಳದಿಂಗಳಲ್ಲೂ ಮಕರಂದಕ್ಕೆ ಹೊರಡುತ್ತದೆ. ಅಮಾವಾಸ್ಯೆಯ ಹತ್ತಿರ ಮನೆಯಲ್ಲೇ ಉಳಿಯುತ್ತದೆ.

19. ಅಮಾವಾಸ್ಯೆಗೂ ಅಂಜದ ಒಂದು ಬಡಗಿ ದುಂಬಿ ನಮ್ಮ ದೇಶದಲ್ಲಿದೆ. ಮಹಾರಾಷ್ಟ್ರದ ಭೀಮಾಶಂಕರ ಕಾಡಿನಲ್ಲಿ ಹೇಮಾ ಸೋಮನಾಥನ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆನೀ ಬೋರ್ಜಸ್ ಮತ್ತು ಸಂಗಡಿಗರು ಅದನ್ನು ಅಧ್ಯಯನ ಮಾಡಿದರು. ಬರೀ ನಕ್ಷತ್ರದ ಬೆಳಕಿನಲ್ಲಿ ಈ ದುಂಬಿ ಬಣ್ಣ ಗುರುತಿಸುತ್ತದೆ ಎಂದು 2008ರಲ್ಲಿ ಪ್ರಕಟಿಸಿದರು.

20. ಕೋಲುಜೇನು ತನ್ನ ಎರಿ ಜೋತ ಕಡ್ಡಿಯ ಎರಡೂ ಬದಿಗೆ ಮರದ ಅಂಟು ಬಳಿಯುತ್ತದೆ. ಇರುವೆ ಬಂದರೆ ಅಲ್ಲೇ ಸಿಕ್ಕಿಬೀಳಬೇಕು.

21. ಕಣಜ ಹತ್ತಿರ ಸುಳಿದರೆ ಹೆಜ್ಜೇನಿನ ಎರಿಯ ಮೇಲೆ ಅಲೆ ಏಳುತ್ತದೆ. ಸಾವಿರಾರು ಜೇನುಗಳು ಒಂದರ ಹಿಂದೊಂದು ಹಿಂಭಾಗ ಎತ್ತಿ ಇಳಿಸುತ್ತವೆ, ಸೆಕೆಂಡಿನೊಳಗೆ ಅಲೆ ಇಡೀ ಎರಿಯನ್ನು ದಾಟುತ್ತದೆ. ಇದು ಕಣಜವನ್ನು ದೂರ ಇಡುವ ತಂತ್ರವೆಂದು ಆಸ್ಟ್ರಿಯಾದ ಗೆರಾಲ್ಡ್ ಕಾಸ್ಟ್‌ಬರ್ಗರ್ ತಂಡ 2008ರಲ್ಲಿ ತೋರಿಸಿತು. ಎದುರು ಕಟ್ಟಡದ ಸಜ್ಜೆಯಲ್ಲಿ ಗೂಡಿದ್ದರೆ ದುರ್ಬೀನಿನಲ್ಲಿ ನೀವೂ ನೋಡಬಹುದು.

22. ಹಾರುವ ಜೇನಿನ ಮೈಯಲ್ಲಿ ಧನ ವಿದ್ಯುದಂಶ ಕೂಡಿಕೊಳ್ಳುತ್ತದೆ. ಹೂವಿನ ಹತ್ತಿರ ಬಂದಾಗ ಪರಾಗದ ಕಣಗಳು ತಾವಾಗಿಯೇ ಅದರ ರೋಮಕ್ಕೆ ಜಿಗಿಯುವುದುಂಟು. ಬಂಬಲ್ ದುಂಬಿಗಳು ಹೂವಿನ ವಿದ್ಯುತ್ ಕ್ಷೇತ್ರವನ್ನು ಗ್ರಹಿಸಬಲ್ಲವು ಎಂದು ಬ್ರಿಸ್ಟಲ್ ವಿಶ್ವವಿದ್ಯಾಲಯದವರು 2013ರಲ್ಲಿ ವರದಿ ಮಾಡಿದರು.

23. ಹಳದಿ ಪಟ್ಟೆಯ ಜೇನು ಗಾಳಿಯಲ್ಲಿ ಒಂದೇ ಕಡೆ ನಿಂತು ಹಾರುತ್ತಿದೆಯೇ? ರೆಕ್ಕೆ ಎಣಿಸಿ. ಎರಡೇ ಇದ್ದರೆ ಅದು ಜೇನಿನ ವೇಷ ಹಾಕಿದ ಹೂನೊಣ. ಜೇನಿಗೆ ನಾಲ್ಕು. ಹೂನೊಣಕ್ಕೆ ಕೊಂಡಿಯಿಲ್ಲ, ಅದರ ಹಲವು ಜಾತಿಗಳ ಮರಿಹುಳುಗಳು ಗಿಡಹೇನುಗಳನ್ನು ತಿಂದು ಬದುಕುತ್ತವೆ.

ಬಂದವರೆಲ್ಲ ನೆಂಟರಲ್ಲ

24. ಇರುವೆ ಹೂವಿನಲ್ಲಿ ಇಡೀ ದಿನ ಓಡಾಡಿದರೂ ಗಿಡಕ್ಕೆ ಲಾಭ ಕಡಿಮೆ. ಎಷ್ಟೋ ಇರುವೆಗಳ ಮೈಯಿಂದ ಒಸರುವ ಕ್ರಿಮಿನಾಶಕ ದ್ರವ ಪರಾಗದ ಜೀವವನ್ನೂ ಕುಂದಿಸುತ್ತದೆ. 1984ರಲ್ಲಿ ಇದನ್ನು ವಿವರಿಸಿದವರು ಆಂಡ್ರ್ಯೂ ಬೀಟಿ ಮತ್ತು ಸಂಗಡಿಗರು. ಕೆಲಸ ನಡೆದದ್ದು ಬಾಟಲ್ ಬ್ರಷ್‌ನ ತವರಲ್ಲೇ.

25. ಬಾಟಲ್ ಬ್ರಷ್‌ನಲ್ಲಿ ನಿಯತ್ತಿನಿಂದ ದುಡಿಯುವ ಬಡಗಿ ದುಂಬಿಯೇ ಉದ್ದ ಕೊಳವೆಯ ಹೂಗಳಲ್ಲಿ ಕಳ್ಳ. ಬಾಯಿಂದ ಒಳಹೋಗಲಾಗದಿದ್ದರೆ ಬುಡದಲ್ಲಿ ಸೀಳಿ ಮಕರಂದ ಹೀರುತ್ತದೆ. ಆ ಸೀಳನ್ನೇ ಆಮೇಲೆ ಸಣ್ಣ ಜೇನುಗಳೂ ಬಳಸುತ್ತವೆ.

26. ಹೂವಿನ ಮೇಲೆ ಕದಲದೆ ಕೂತ ಬಿಳಿ ಏಡಿಜೇಡ ಬಲೆ ನೇಯುವುದಿಲ್ಲ, ಬಂದವರನ್ನು ಹಿಡಿಯುತ್ತದೆ. ಆಸ್ಟ್ರೇಲಿಯಾದ ಥೊಮಿಸಸ್ ಜೇಡ ಅತಿನೇರಳೆ ಕಿರಣವನ್ನು ಪ್ರತಿಫಲಿಸಿ ಜೇನನ್ನು ಹೂವಿನ ಕಡೆಗೆ ಸೆಳೆಯುತ್ತದೆಂದು 2003ರಲ್ಲಿ ಗೊತ್ತಾಯಿತು. ಅದೇ ಕುಲದ ಜೇಡಗಳು ನಮ್ಮಲ್ಲೂ ಇವೆ.

27. ಕಳ್ಳಿಪೀರ ಹಕ್ಕಿ ಹಾರುವ ಜೇನನ್ನು ಹಿಡಿದರೂ ತಕ್ಷಣ ನುಂಗುವುದಿಲ್ಲ. ತಂತಿಯ ಮೇಲೆ ಕೂತು, ಅದನ್ನು ಬಡಿದು ಉಜ್ಜಿ, ಕೊಂಡಿ ವಿಷ ಕಳಚಿ ಆಮೇಲೆ ತಿನ್ನುತ್ತದೆ.

28. ಎಲ್ಲರನ್ನೂ ಮೀರಿದ ಕಳ್ಳ, ಬೆನ್ನ ಮೇಲೆ ತಲೆಬುರುಡೆಯ ಗುರುತಿರುವ ಪತಂಗ. ಹೂವಿನ ಗೋಜಿಗೆ ಹೋಗದೆ ರಾತ್ರಿ ನೇರ ತುಡುವೆಯ ಗೂಡಿಗೇ ನುಗ್ಗಿ ತುಪ್ಪ ಹೀರುತ್ತದೆ. ಹಿಡಿದರೆ ಕೀಚಲು ದನಿ ಹೊರಡಿಸುತ್ತದೆ.

ಕಡಲಾಚೆಯ ಕಥೆಗಳು

29. ನ್ಯೂಜಿಲೆಂಡಿನ ಮನುಕಾ ಜೇನುತುಪ್ಪ ಇಂದು ಜಗತ್ತಿನ ದುಬಾರಿ ತುಪ್ಪಗಳಲ್ಲಿ ಒಂದು. ಪೊದೆ ಆ ನೆಲದ್ದೇ, ಜೇನು ಮಾತ್ರ ಪರದೇಶಿ. 1839ರಲ್ಲಿ ಮೇರಿ ಬಂಬಿ ಎಂಬಾಕೆ ಇಂಗ್ಲೆಂಡಿನಿಂದ ಎರಡು ಗೂಡು ತರುವವರೆಗೆ ಅಲ್ಲಿ ತುಪ್ಪ ಕೂಡಿಡುವ ಜೇನೇ ಇರಲಿಲ್ಲ. ಹೈದರಾಬಾದಿನಲ್ಲಿ ಲೆಕ್ಕ ತಿರುಗಾಮುರುಗಾ: ಗಿಡ ಪರದೇಶಿ, ಜೇನು ಊರಿನದು.

30. ಮನುಕಾ ತುಪ್ಪದ ವಿಶೇಷ ಶಕ್ತಿಗೆ ಕಾರಣ ಮೀಥೈಲ್‌ಗ್ಲೈಯಾಕ್ಸಾಲ್ ಎಂದು ಜರ್ಮನಿಯ ಡ್ರೆಸ್ಡೆನ್‌ನ ಥಾಮಸ್ ಹೆನ್ಲೆ ತಂಡ 2008ರಲ್ಲಿ ಪ್ರಕಟಿಸಿತು. ಹೂವಿನಲ್ಲಿ ಈ ವಸ್ತು ಇರುವುದಿಲ್ಲ. ಮಕರಂದದ ಬೇರೊಂದು ಅಂಶ ತುಪ್ಪದಲ್ಲಿ ನಿಧಾನವಾಗಿ ಬದಲಾಗಿ ಅದು ಉಂಟಾಗುತ್ತದೆ. ಹಾಗಾಗಿ ಕೆಲಕಾಲ ಇಟ್ಟ ತುಪ್ಪದಲ್ಲಿ ಅದರ ಪ್ರಮಾಣ ಏರುತ್ತದೆ.

31. ಪರದೇಶಿ ಗಿಡ ಎಲ್ಲ ಕಡೆ ಸಜ್ಜನನಾಗಿರುತ್ತದೆ ಎನ್ನುವಂತಿಲ್ಲ. ಅಮೆರಿಕದ ಫ್ಲಾರಿಡಾಕ್ಕೆ ಅಲಂಕಾರಕ್ಕೆಂದು ಬಂದ ಒಂದು ಮೆಲಾಲ್ಯೂಕಾ ಎವರ್‌ಗ್ಲೇಡ್ಸ್ ಜೌಗಿನ ಊರಗಲ ಜಾಗ ನುಂಗಿತು. ಕೊನೆಗೆ 1997ರಲ್ಲಿ ಅದರ ಎಲೆ ತಿನ್ನುವ ಮೂತಿಹುಳವನ್ನು ಆಸ್ಟ್ರೇಲಿಯಾದಿಂದಲೇ ತರಿಸಿ ಬಿಡಬೇಕಾಯಿತು.

32. ಈ ವಂಶದ ಇನ್ನೊಬ್ಬ ವಲಸಿಗ ನೀಲಗಿರಿ. ಭಾರತದಲ್ಲಿ ಅದರ ಮೊದಲ ಸಸಿಗಳನ್ನು ನೆಟ್ಟದ್ದು ಸುಮಾರು 1790ರಲ್ಲಿ, ನಂದಿಬೆಟ್ಟದ ತೋಟದಲ್ಲಿ, ಟಿಪ್ಪು ಸುಲ್ತಾನನ ಕಾಲದಲ್ಲಿ. ಅಂತರ್ಜಲದ ಕಾರಣಕ್ಕೆ ಕರ್ನಾಟಕ ಸರ್ಕಾರ 2017ರಲ್ಲಿ ಹೊಸ ನೀಲಗಿರಿ ನೆಡುವುದನ್ನೇ ನಿಷೇಧಿಸಿತು. ಜೇನಿಗೆ ಮಾತ್ರ ಅದರ ಹೂವೆಂದರೆ ಸುಗ್ಗಿ.

ಹೈದರಾಬಾದಿನ ಲೆಕ್ಕ

33. ಜೇನು ಎಲ್ಲಿಗೆ ಹೋಗಿತ್ತೆಂದು ತುಪ್ಪವೇ ಹೇಳುತ್ತದೆ. ತುಪ್ಪದ ಹನಿಯಲ್ಲಿ ಉಳಿದ ಪರಾಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗಿಡದ ಗುರುತು ಸಿಗುತ್ತದೆ. ಬಾಟಲ್ ಬ್ರಷ್, ನೇರಳೆ, ನೀಲಗಿರಿಗಳ ವಂಶದ ಪರಾಗ ಸಾಮಾನ್ಯವಾಗಿ ಪುಟ್ಟ ತ್ರಿಕೋನ. ಉಸ್ಮಾನಿಯಾ ವಿಶ್ವವಿದ್ಯಾಲಯದ ಸಿ.ಜಿ.ಕೆ. ರಾಮಾನುಜಂ ಮತ್ತು ಸಂಗಡಿಗರು ಹೈದರಾಬಾದಿನ ತುಪ್ಪಗಳನ್ನು ಹೀಗೆ ಪರೀಕ್ಷಿಸಿ 1990ರಲ್ಲಿ ಪ್ರಕಟಿಸಿದರು. ಅದರಲ್ಲಿ ಮುಜಂಟಿಯ ತುಪ್ಪವೂ ಇತ್ತು.

34. ತೆಲಂಗಾಣದ ರಾಜ್ಯಪುಷ್ಪ ತಂಗೇಡು. ನಮ್ಮ ತಂಗಡಿ ಅಥವಾ ಆವರಿಕೆ. ಬತುಕಮ್ಮ ಹಬ್ಬದಲ್ಲಿ ತಟ್ಟೆಯ ಮೇಲೆ ಸುತ್ತುಸುತ್ತಾಗಿ ಏರುವ ಹಳದಿ ಹೂ ಇದೇ. ಇದರಲ್ಲಿ ಮಕರಂದವಿಲ್ಲ, ಇರುವುದು ಪರಾಗವೊಂದೇ. ಅದೂ ತುದಿಯಲ್ಲಿ ಸಣ್ಣ ತೂತಿರುವ ಕೊಳವೆಯೊಳಗೆ ಬಂದೋಬಸ್ತಾಗಿದೆ. ಬಡಗಿ ದುಂಬಿ ಬಂದು ಹೂವನ್ನು ತಬ್ಬಿ, ರೆಕ್ಕೆ ಬಡಿಯದೆ ರೆಕ್ಕೆಯ ಸ್ನಾಯುಗಳನ್ನಷ್ಟೇ ನಡುಗಿಸುತ್ತದೆ. ‘ಝಂಯ್’ ಎಂಬ ಸದ್ದಿನ ಜೊತೆ ಮೆಣಸಿನಪುಡಿ ಡಬ್ಬಿ ಕೊಡವಿದ ಹಾಗೆ ಪರಾಗ ಅದರ ಹೊಟ್ಟೆಯ ಮೇಲೆ ಉದುರುತ್ತದೆ. ತುಪ್ಪ ಮಾಡುವ ಜೇನುಗಳಿಗೆ ಈ ವಿದ್ಯೆ ಬರುವುದಿಲ್ಲ. ಟೊಮ್ಯಾಟೊ, ಬದನೆಯ ಹೂಗಳಿಗೂ ಇದೇ ನಡುಕ ಬೇಕು.

35. ಪಟ್ಟಣಚೆರುವಿನ ಇಕ್ರಿಸ್ಯಾಟ್, ಅಂದರೆ 1972ರಲ್ಲಿ ಶುರುವಾದ ಅಂತಾರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ, ತೊಗರಿಯ ಹೈಬ್ರಿಡ್ ತಳಿ ಮಾಡಿದ್ದು ಜೇನಿನ ನೆರವಿನಿಂದ. ಪರಾಗವಿಲ್ಲದ ಗಿಡಗಳ ಸಾಲಿನ ಪಕ್ಕ ಪರಾಗವಿರುವ ಸಾಲು ಬಿತ್ತಿದರು. ಸಾಲಿನಿಂದ ಸಾಲಿಗೆ ಪರಾಗ ಸಾಗಿಸಿದ್ದು ಜೇನು ದುಂಬಿಗಳು. ಹೀಗೆ ಬಂದ ಐಸಿಪಿಎಚ್ 2671 ತಳಿ 2010ರಲ್ಲಿ ಮಧ್ಯಪ್ರದೇಶದಲ್ಲಿ ಬಿಡುಗಡೆಯಾಯಿತು. ತೊಗರಿ ಹೂವಿಗೆ ಬರುವವರಲ್ಲಿ ಹೆಜ್ಜೇನಿನ ಜೊತೆಗೆ ಎಲೆ ಕತ್ತರಿಸಿ ಗೂಡಿಗೆ ಹಾಸುವ ಒಂಟಿ ಜೇನುಗಳೂ ಇವೆ.

36. ಅದೇ ಅಂಗಳದಿಂದ ಹೋದ ‘ಮಾರುತಿ’ ತೊಗರಿ ಕರ್ನಾಟಕದಲ್ಲಿ 1986ರಲ್ಲಿ ಬಿಡುಗಡೆಯಾಗಿ ಸೊರಗು ರೋಗಕ್ಕೆ ಎದೆಗೊಟ್ಟು ನಿಂತಿತು. 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದ ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು.

37. ಸೂರ್ಯಕಾಂತಿಗೂ ಜೇನು ಬೇಕೇ ಬೇಕು. ತನ್ನದೇ ಪರಾಗವನ್ನು ಅದರ ಎಷ್ಟೋ ತಳಿಗಳು ಒಲ್ಲವು. ಭಾರತದ ಮೊದಲ ಹೈಬ್ರಿಡ್ ಸೂರ್ಯಕಾಂತಿ ಬಿಎಸ್‌ಎಚ್-1 ಬಂದದ್ದು 1980ರಲ್ಲಿ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಿಂದ. ಎಣ್ಣೆಕಾಳುಗಳ ರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇರುವುದು ಹೈದರಾಬಾದಿನ ರಾಜೇಂದ್ರನಗರದಲ್ಲಿ.

38. ಸೀತಾಫಲದ ಹೂವಿಗೆ ಜೇನು ಪ್ರಯೋಜನಕ್ಕಿಲ್ಲ. ಹೆಸರಾದ ಬಾಲಾನಗರ ತಳಿಯೂ ನಂಬಿರುವುದು ಅಕ್ಕಿಕಾಳಿಗಿಂತ ಸಣ್ಣ ಜೀರುಂಡೆಗಳನ್ನು. ಹೂ ಮೊದಲು ಹೆಣ್ಣಾಗಿದ್ದು ಆಮೇಲೆ ಗಂಡಾಗುತ್ತದೆ. ಹಳೆ ಹೂವಿನಿಂದ ಹೊಸ ಹೂವಿಗೆ ಪರಾಗ ಹೊರುವುದು ಆ ಜೀರುಂಡೆ. ಹೂ ಸಾವಿರವಿದ್ದರೂ ಕಾಯಿ ಕಡಿಮೆ ಏಕೆ ಎಂಬುದಕ್ಕೆ ಇದೂ ಒಂದು ಕಾರಣ.

39. ಮಾವಿನ ಹೂವಿನ ಮುಖ್ಯ ಕೆಲಸಗಾರರಲ್ಲಿ ನೊಣಗಳಿವೆ. ಬಂಗನಪಲ್ಲಿ ತಿನ್ನುವಾಗ ನೊಣ ಓಡಿಸುವವರು ಇಷ್ಟನ್ನು ನೆನಪಿಡಬೇಕು.

40. ಅಪಾರ್ಟ್‌ಮೆಂಟಿಗೆ ಹೆಜ್ಜೇನು ಬಂದರೆ ಖಾಯಂ ಅಲ್ಲ. ಹೂವಿನ ಸುಗ್ಗಿ ಮುಗಿದರೆ ಊರು ಬಿಡುತ್ತದೆ. ಮರುವರ್ಷ ಅದೇ ಸಜ್ಜೆಗೆ ಮರಳುವುದೂ ಉಂಟು. ಹೀಗೆ ತಿಂಗಳುಗಳ ನಂತರ ಹಳೆಯ ರಾಣಿಜೇನುಗಳೇ ಹಳೆಯ ಜಾಗಕ್ಕೆ ಬಂದದ್ದನ್ನು ಅಸ್ಸಾಮಿನಲ್ಲಿ ಡಿಎನ್‌ಎ ಪರೀಕ್ಷೆಯಿಂದ ಖಚಿತಪಡಿಸಿ 2000ದಲ್ಲಿ ಪ್ರಕಟಿಸಿದ್ದಾರೆ. ಗೂಡಿರುವಷ್ಟು ದಿನ ಆ ಬದಿಯ ಕಿಟಕಿಯ ದೀಪವನ್ನು ರಾತ್ರಿ ಆರಿಸಿಡಿ. ಹೆಜ್ಜೇನು ಬೆಳಕಿಗೆ ಬಂದು ಬೀಳುತ್ತದೆ.

41. ಒಂದು ಜೇನು ಚುಚ್ಚಿದ ಜಾಗದಿಂದ ಬಾಳೆಹಣ್ಣಿನ ವಾಸನೆ ಹೊರಡುತ್ತದೆ. ಅದು ಐಸೊಪೆಂಟೈಲ್ ಅಸಿಟೇಟ್. ಉಳಿದ ಜೇನುಗಳಿಗೆ ‘ಇಲ್ಲೇ ಬನ್ನಿ’ ಎಂಬ ಕರೆ. ಕೈ ಬೀಸುತ್ತ ನಿಲ್ಲಬೇಡಿ, ಕೊಂಡಿಯನ್ನು ಕೆರೆದು ತೆಗೆದು ಒಳಗೆ ಹೋಗಿ.

42. ಬಾಟಲ್ ಬ್ರಷ್ ಜೋರಾಗಿ ಹೂ ಬಿಡುವುದು ಬೇಸಿಗೆಯ ಶುರುವಿನಲ್ಲಿ. ನೇರಳೆಯ ಹೂ ಬೇಸಿಗೆಗೆ, ತಂಗಡಿ ಮಳೆಗಾಲ ಕಳೆದ ಮೇಲೆ. ನಡುವಿನ ತಿಂಗಳುಗಳಲ್ಲಿ ಮುಜಂಟಿ ಮತ್ತು ಕೋಲುಜೇನಿಗೆ ಕುಂಡದ ತುಳಸಿಯೂ ಆಸರೆ. ಗಿಡ ಪೊದೆಯಾಗಲೆಂದು ಕದಿರು ಚಿವುಟುವವರು ನಾಲ್ಕಾರು ಕದಿರನ್ನಾದರೂ ಬಿಡಿ. ಔಷಧ ಹೊಡೆಯಲೇಬೇಕಾದರೆ ಹೂವಿಲ್ಲದ ಕಾಲದಲ್ಲಿ, ಕತ್ತಲಾದ ಮೇಲೆ ಹೊಡೆಯಿರಿ. ಮುಜಂಟಿ ಗೂಡಿನಿಂದ ಕೆಲವು ನೂರು ಮೀಟರಿಗಿಂತ ದೂರ ಹೋಗುವುದು ಅಪರೂಪ. ನಿಮ್ಮ ಬಾಲ್ಕನಿಗೆ ಅದು ಬಂತೆಂದರೆ ಗೂಡು ನಿಮ್ಮ ಬೀದಿಯಲ್ಲೇ ಎಲ್ಲೋ ಇದೆ. ಗೋಡೆಗೆ ಸುಣ್ಣ ಹೊಡೆಸುವ ಮುನ್ನ ಆ ಮೇಣದ ಕೊಳವೆಗಾಗಿ ಒಮ್ಮೆ ಹುಡುಕಿ.